ಹಿಮದ ಜೀಪಿನ ಹಣೆಗೆ ನಾನು ಹಚ್ಚಿದ ಭಂಡಾರ

ಜೀಪಿನ ಹಣೆಗೆ ಭಂಡಾರ ಹಚ್ಚಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮೂರು ಚಪಳಗಾಂವದಲ್ಲಿ ಯಾರನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಾರೆ, ಅದೂ ನನ್ನ ದನಿಯನ್ನು ನನಗಿಂತ ಚೆನ್ನಾಗಿ ಅಣಕಿಸಿ ಹೇಳುತ್ತಾರೆ. ಊರಿನವರೆಲ್ಲರ ದನಿ ಕದ್ದು ತಿರುಗಿದವನಿಗೆ ಊರು ಕೊಟ್ಟ ಬಡ್ಡಿ ಅದು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಕುರಿಯಾಗಲಿ ಎತ್ತಾಗಲಿ ಕೈ ಬದಲಾಗುವಾಗ, ಕೊಳ್ಳುವವನು ನಮ್ಮ ದೇವರು ಬೀರೋಬನ ಹೆಸರು ಹೇಳಿ ಅದರ ಹಣೆಗೆ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಹಚ್ಚುತ್ತಾನೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಆಮೇಲೆ ಕುರಿ ಕುಂಟಲಿ, ಎತ್ತು ಮಲಗಿಬಿಡಲಿ, ಕೊಟ್ಟವನು ಹಿಂದಕ್ಕೆ ಕೇಳುವಂತಿಲ್ಲ, ಕೊಂಡವನು ಹಿಂದಕ್ಕೆ ಕೊಡುವಂತಿಲ್ಲ. ಹಾಗಾಗಿ ತಿಳಿದವರು ಎಲ್ಲ ಕಡೆ ಮುಟ್ಟಿ ನೋಡಿ, ಮನೆಯವರನ್ನು ಕೇಳಿ, ಕೊನೆಗೆ ಸೊಂಟದ ಭಂಡಾರದ ಚೀಲಕ್ಕೆ ಕೈ ಹಾಕುತ್ತಾರೆ. ನಾನು ಮೊದಲೇ ಹಾಕಿದೆ. ಅದೂ ನನ್ನ ಚಿಕ್ಕಪ್ಪ ಸಿದ್ದಪ್ಪ ಕಾಕಾನ ಸೊಂಟದ ಚೀಲಕ್ಕೆ.

ಹೋದ ವಾರ ಸೊಲ್ಲಾಪುರ ಸ್ಟೇಷನ್ನಿನ ಹತ್ತಿರ ಒಂದು ಗ್ಯಾರೇಜಿನ ಮುಂದೆ ಹಾದು ಬರುತ್ತಿದ್ದೆ. ಒಬ್ಬ ಮಿಸ್ತ್ರಿ ಲಾರಿಯ ಅಡಿಯಲ್ಲಿ ಮಲಗಿ ತುಕ್ಕು ಕೆರೆಯುತ್ತಿದ್ದ. ಕೆಂಪು ಹೊಪ್ಪಳಿಕೆ ಒದ್ದೆ ನೆಲದ ಮೇಲೆ ಉದುರುತ್ತಿತ್ತು. ಲಾರಿಯ ಮೂತಿಗೆ ಆಗತಾನೇ ಪೂಜೆಯಾಗಿತ್ತು. ಒದ್ದೆ ಕಬ್ಬಿಣದ ವಾಸನೆಯೂ ಅರಿಶಿನದ ವಾಸನೆಯೂ ಒಟ್ಟಿಗೆ ಬಂದವು. ನನ್ನ ಬಂಡವಾಳವೆಲ್ಲ ಕಿವಿಯಲ್ಲಿದೆ, ಮೂಗು ಹೆಸರಿಗೆ ಮಾತ್ರ. ಆದರೂ ಆ ಬೇಸಿಗೆ ಇಡಿಯಾಗಿ ಎದುರಿಗೆ ಬಂದು ನಿಂತಿತು.

ಅದು ಸೊಲ್ಲಾಪುರ ಯಾವ ರಾಜ್ಯಕ್ಕೆ ಸೇರಬೇಕೆಂದು ದೊಡ್ಡವರು ಊರೂರಲ್ಲಿ ಸಭೆ ಮಾಡಿ ಜಗಳಾಡುತ್ತಿದ್ದ ವರ್ಷ. ನಮ್ಮ ಮನೆಯಲ್ಲಿ ಚಿಕ್ಕಮ್ಮ ಲಗಮವ್ವ ಕಾಕುವಿನ ಕುರಿಗಳು ಯಾರ ಪಾಲಾಗಬೇಕು ಎಂಬುದಷ್ಟೇ ಜಗಳ. ನಾನು ಅಕ್ಕಲಕೋಟೆಯಲ್ಲಿ ಮ್ಯಾಟ್ರಿಕ್ ಬರೆದು ಬಂದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಕಾಯುತ್ತಿದ್ದೆ ಅನ್ನುವುದು ಮರ್ಯಾದೆಯ ಮಾತು, ಗಣಿತದ ಫಲಿತಾಂಶ ನನಗೆ ಪರೀಕ್ಷೆಯ ಕೋಣೆಯಲ್ಲೇ ಗೊತ್ತಾಗಿತ್ತು. ಅಪ್ಪ ಅವ್ವ ಮುಂಬೈಯ ಗಿರಣಿ ಚಾಳಿನಲ್ಲಿದ್ದರು. ನಾನು ಬೆಳೆದದ್ದು ಸಿದ್ದಪ್ಪ ಕಾಕಾ, ಲಗಮವ್ವ ಕಾಕು ಇವರ ಮನೆಯಲ್ಲಿ. ಬೆಳೆದದ್ದು ಎಷ್ಟು ಎಂಬುದರ ಬಗ್ಗೆ ಕಾಕುವಿಗೆ ಬೇರೆ ಅಭಿಪ್ರಾಯವಿತ್ತು.

ನಮ್ಮಲ್ಲಿ ಮಗು ಹುಟ್ಟಿದರೆ ಅದರ ಹೆಸರಿಗೆ ಒಂದು ಹೆಣ್ಣು ಕುರಿಮರಿ ಬಿಡುತ್ತಾರೆ. ಮಗುವಿನ ಜೊತೆ ಮರಿಯೂ ಬೆಳೆದು, ಮರಿ ಹಾಕಿ, ಮೀಸೆ ಮೂಡುವ ಹೊತ್ತಿಗೆ ಅವನಿಗೊಂದು ಪುಟ್ಟ ಹಿಂಡು ಆಗಿರುತ್ತದೆ. ನನಗೂ ಆಗಿತ್ತು. ಒಂದು ಕುರಿ ಸೊಲ್ಲಾಪುರದ ಸಿನೆಮಾಗಳಿಗೆ ಹೋಯಿತು, ಇನ್ನೊಂದು ಬೂಟಿಗೆ, ಮತ್ತೊಂದೆರಡು ಯಾವುದಕ್ಕೆ ಹೋದವೋ ನನಗೇ ನೆನಪಿಲ್ಲ. ಕಟ್ಟಕಡೆಯದು ಒಂದು ಕಪ್ಪು ಚಾಳೀಸಿಗೆ ಹೋಯಿತು. ಆ ಬಿಸಿಲುಕನ್ನಡಕ ಹಾಕಿಕೊಂಡು ಕುರಿಗಳ ಹಟ್ಟಿಗೆ ಹೋದ ದಿನ ನಾಯಿಯೂ ನನ್ನ ಗುರುತು ಹಿಡಿಯಲಿಲ್ಲ.

ಕಾಕುವಿನ ಕುರಿಗಳ ಮಾತೇ ಬೇರೆ. ಅವು ಅವಳ ತವರು ನಂದೇಶ್ವರದಿಂದ ಮದುವೆಯ ಹೊತ್ತಿಗೆ ಅವಳ ಹಿಂದೆ ನಡೆದುಬಂದ ಕುರಿಗಳ ಸಂತಾನ. ಒಂದೊಂದರ ಅಜ್ಜಿಯ ಹೆಸರು ಅವಳಿಗೆ ಗೊತ್ತು. ಮನೆಯಲ್ಲಿ ಯಾರು ಏನೇ ಮಾರಲಿ, ಆ ಹಿಂಡಿನ ತಂಟೆಗೆ ಹೋಗುತ್ತಿರಲಿಲ್ಲ. ಕಾಕಾನೂ ಹೋಗಿರಲಿಲ್ಲ, ಜೀಪು ನೋಡುವ ತನಕ.

ಕಾಕಾನಿಗೆ ಆ ಬೇಸಿಗೆಯಲ್ಲಿ ಒಂದು ಹುಚ್ಚು ಹಿಡಿದಿತ್ತು. ಅಕ್ಕಲಕೋಟೆಗೆ ದೇವರ ದರ್ಶನಕ್ಕೆ ಬರುವ ಜನ ಅಕ್ಕಲಕೋಟೆ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಟಾಂಗಾ ಕಾಯುತ್ತ ಬೇವಿನ ನೆರಳಲ್ಲಿ ಕೂರುತ್ತಿದ್ದರು. ಅಕ್ಕಲಕೋಟೆ ಊರು ಅಲ್ಲಿಂದ ದೂರ. "ಇವರನ್ನ ಜೀಪಿನ್ಯಾಗ ಹೇರಿಕೊಂಡು ಹ್ವಾದ್ರ?" ಎಂದು ಕಾಕಾ ಒಂದು ದಿನ ಕೇಳಿದ. ಮರುದಿನ ತಾನೇ ಡ್ರೈವರ್ ಆಗಿದ್ದ, ನಾನು ಕಂಡಕ್ಟರ್ ಆಗಿದ್ದೆ. ಜೀಪು ಒಂದೇ ಬಾಕಿ.

ಜೀಪು ಇದ್ದದ್ದು ಕಂದಲಗಾಂವದ ಸುಭೇದಾರ್ ಸಾಹೇಬರ ಹತ್ತಿರ. ಅವರು ನಮ್ಮವರೇ, ಕುರುಬರು. ಹರೆಯದಲ್ಲೇ ಮಿಲಿಟರಿಗೆ ಸೇರಿದ್ದರು. ಅವರು ಅಲ್ಲಿದ್ದಾಗ ಅಣ್ಣಂದಿರು ಇಲ್ಲಿ ಮನೆಯ ಕುರಿಯೆಲ್ಲ ಮಾರಿದ್ದರು. ಪಿಂಚಣಿಗೆ ಬಂದಾಗ ಸಾಹೇಬರ ಬಳಿ ಉಳಿದದ್ದು ಒಂದು ದೊಡ್ಡ ಮೀಸೆ, ಒಂದು ಜೀಪು. ತಾವು ಕಾಶ್ಮೀರದಲ್ಲಿ ಓಡಿಸಿದ ಜೀಪು ಲಿಲಾವಿಗೆ, ಅಂದರೆ ಹರಾಜಿಗೆ, ಬಂದಾಗ ಅದನ್ನೇ ಹುಡುಕಿ ಕೂಗಿ ತಂದದ್ದೆಂದು ಅವರು ಹೇಳುತ್ತಿದ್ದರು. "ಕುರಿ ಇಲ್ಲದ ಕುರುಬ ಅಂತ ಬೀಗರು ನಗತಾರ್ರಿ ಸಿದ್ದಪ್ಪ. ನನಗ ಒಂದು ಹಿಂಡು ಬೇಕು. ರೊಕ್ಕ ಬ್ಯಾಡ" ಎಂದು ಅವರೇ ಹೇಳಿಕಳಿಸಿದ್ದರು. ಮಗಳನ್ನು ಕೊಡುವವರು ವರನ ಮನೆ ವಿಚಾರಿಸಿದ ಹಾಗೆ, ಕಾಕುವಿನ ಹಿಂಡಿನ ಸುದ್ದಿ ಅವರಿಗೆ ಮೊದಲೇ ಗೊತ್ತಿತ್ತು.

ಸೊಲ್ಲಾಪುರದ ಹತ್ತಿ ಬಜಾರಿನ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ಜೀಪು ನಿಂತಿತ್ತು. ಹೊಸ ಹಸಿರು ಬಣ್ಣ. ಕಾಕಾ ಮದುವೆಯ ಧೋತರ ಉಟ್ಟು ಬಂದಿದ್ದ. ಅವನು ಎತ್ತು ನೋಡುವ ಹಾಗೇ ಅದನ್ನು ನೋಡಿದ. ಸುತ್ತಲೂ ನಡೆದ. ಬೆನ್ನಿಗೆ ಎರಡು ಏಟು ಹಾಕಿದ. ಮುಂದಿನ ದೀಪಗಳನ್ನು ಕೊಂಬಿನ ಹಾಗೆ ಹಿಡಿದು ಅಲ್ಲಾಡಿಸಿದ. ಬಾನೆಟ್ ಎತ್ತಿಸಿ ಒಳಗೆ ಇಣುಕಿ, ಹಲ್ಲು ಎಣಿಸಿದವನಂತೆ ತಲೆದೂಗಿದ. ನಾನು ಪಕ್ಕದಲ್ಲಿ ಚಾಳೀಸು ಹಾಕಿಕೊಂಡು ಅವನ ಹಾಗೇ ತಲೆದೂಗಿದೆ.

ಸಾಹೇಬರು ಎದೆ ಸೆಟೆಸಿ ಹೇಳಿದರು: "ಬಘಾ, ನೋಡ್ರಿ, ಇದು ಸಾದಾ ಗಾಡಿ ಅಲ್ಲ. ಬರ್ಫ ನೋಡಿದ ಗಾಡಿ! ಇಲ್ಲೀ ತನಕ ಬರ್ಫ," ಎಂದು ತೊಡೆ ತೋರಿಸಿದರು. "ಚಳಿಗಾಲ ಪೂರಾ ಅದರಾಗ ನಿಂದರತಿತ್ತು. ಮುಂಜಾನಿ ಹ್ಯಾಂಡಲ್ ಒಂದ ಏಟು ತಿರುವಿದ್ರ ಎದ್ದು ಹೊಂಟಬಿಡತಿತ್ತು. ಕೆಳಗೂ ನೋಡ್ರಿ ಬೇಕಾರ."

"ಕೆಳಗ ಏನೈತ್ರಿ, ಮಣ್ಣು" ಎಂದ ಕಾಕಾ, ಧೋತರದ ಅಂಚು ಎತ್ತಿ ಹಿಡಿದು. ಆ ಧೋತರ ಅಷ್ಟು ಬಿಳಿ ಇರದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಶೆಡ್ಡಿನ ಮುಂದೆ ಹಮಾಲರು ಸೇರಿದ್ದರು. ಜನ ಸೇರಿದರೆ ನನಗೆ ಮೈ ಕಡಿಯುತ್ತದೆ. ನಮ್ಮೂರ ಬೀರೋಬನ ಪೂಜಾರಿಗೆ ಮೈಯಲ್ಲಿ ದೇವರು ಬಂದಾಗ ಮೊದಲು ಎಡಗಣ್ಣು ಮೇಲಕ್ಕೆ ಹೋಗುತ್ತದೆ, ಆಮೇಲೆ ಗಂಟಲಿನಿಂದ ಕೊಡದಲ್ಲಿ ಮಜ್ಜಿಗೆ ಕಡೆದ ಸದ್ದು ಬರುತ್ತದೆ. ನಾನು ಎರಡನ್ನೂ ಮಾಡಿದೆ. ಕಾಕಾನ ಸೊಂಟದ ಚೀಲಕ್ಕೆ ಕೈ ಹಾಕಿ, "ಬೀರೋಬಾ ಚಾಂಗಭಲಾ! ಹಿಮದ ಕುರಿ ಬಂದೈತಿ, ಹಿಂಡಿಗೆ ಸೇರಸ್ರೋ ಮಕ್ಕಳ್ರ್ಯಾ!" ಎಂದು ಕೂಗಿ ಬಾನೆಟ್ಟಿನ ಹಣೆಗೆ ಒಂದು ಮುಷ್ಟಿ ಭಂಡಾರ ಬಳಿದೆ.

ಹಮಾಲರು ಬಿದ್ದು ಬಿದ್ದು ನಕ್ಕರು. ಸಾಹೇಬರು ನಗಲಿಲ್ಲ. ಟೋಪಿ ತೆಗೆದರು, ಬಾನೆಟ್ಟಿಗೆ ಹಣೆ ಹಚ್ಚಿದರು, ಕಣ್ಣು ಒರೆಸಿಕೊಂಡರು.

"ದೇವರ ಹೆಸರು ಬಂತು. ಸೌದಾ ಝಾಲಾ, ವ್ಯವಹಾರ ಮುಗೀತು. ಮಿರಗದ ಮಳಿ ಬಿದ್ದ ಮ್ಯಾಲ ಬರೂ ಐತವಾರ ನಾನ ಗಾಡಿ ತಗೊಂಡು ಬರತೀನಿ. ಕುರಿ ತಯಾರ ಇಡ್ರಿ."

ಕಾಕಾ ನನ್ನ ಕಡೆ ನೋಡಿದ. ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಜೀಪು ತನ್ನದಾಯಿತೆಂಬುದು ಅವನಿಗೆ ಹೊಳೆದಿರಬೇಕು, ತೆರೆದ ಬಾಯಿ ನಗುವಾಯಿತು.

ಊರಿಗೆ ಬಂದಾಗ ಕಾಕು ಹಟ್ಟಿಯ ಮುಂದೆ ಕುರಿಯ ಉಣ್ಣೆ ಕತ್ತರಿಸುತ್ತ ಕೂತಿದ್ದಳು. ಕಾಕಾ ನಿಂತೇ ಸುದ್ದಿ ಹೇಳಿದ. ಅವಳು ಕತ್ತರಿ ನಿಲ್ಲಿಸದೆ ಕೇಳಿದಳು:

"ಯಾರ ಕುರಿ?"

"ಭಂಡಾರ ಬಿದ್ದೈತಿ, ಲಗಮಿ."

"ಯಾರ ಕುರಿ ಅಂತ ಕೇಳೀನಿ."

ಕಾಕಾ ಒಳಗೆ ಹೋಗಿ ನೀರು ಕುಡಿದ. ಭಂಡಾರ ಬಿದ್ದ ಮೇಲೆ ಮುಗಿಯಿತೆಂದು ಕಾಕು ಮುಂದಿನ ಕುರಿಯನ್ನು ಎಳೆದುಕೊಂಡಳು. ದೇವರ ಮಾತಿಗೆ ಎದುರಾಡುವ ಹೆಂಗಸಲ್ಲ ಅವಳು. ಆದರೆ ಆ ದಿನದಿಂದ ಅವಳ ಕತ್ತರಿಯ ಸದ್ದು ಬದಲಾಯಿತು. ಮೊದಲು ಕರಕ್ ಕರಕ್ ಎನ್ನುತ್ತಿದ್ದದ್ದು ಈಗ ಕರ್ರಕ್ ಎಂದು ಎಳೆದು, ಒಂದು ಕ್ಷಣ ತಡೆದು, ಮತ್ತೆ ಕರ್ರಕ್ ಎನ್ನುತ್ತಿತ್ತು. ಒಂದೊಂದು ಕುರಿಯನ್ನೂ ಕೊನೆಯ ಸಲ ಕತ್ತರಿಸುತ್ತಿದ್ದೇನೆಂದು ಲೆಕ್ಕ ಹಾಕುವ ಸದ್ದು. ನಾನು ಅದನ್ನು ಬಾಯಲ್ಲಿ ಮಾಡಿ ತೋರಿಸಲು ಹೋಗಿ, ಅವಳ ಮುಖ ನೋಡಿ ಸುಮ್ಮನಾದೆ. ನನ್ನ ಅಣಕವನ್ನು ನಾನೇ ನುಂಗಿಕೊಂಡದ್ದು ಅದೇ ಮೊದಲು.

ಕೆಲವು ದಿನ ಬಿಟ್ಟು ಅವಳೇ ಕೇಳಿದಳು: "ಬರ್ಫ ಬರ್ಫ ಅಂತೀರಲ್ಲೋ ಮಾಳ್ಯಾ, ಹಂಗಂದ್ರೇನು?"

"ನೀರು, ಕಾಕು. ಥಂಡಿಗೆ ಕಲ್ಲಾಗಿದ್ದು."

"ಕಲ್ಲಾಗಿದ್ದು ಮುಂದ ಏನಾಗತೈತಿ?"

ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಸಾಲೆಯಲ್ಲಿ ಯಾರೂ ಕೇಳಿರಲಿಲ್ಲ. ಬಾಯಲ್ಲಿ ಹೇಳುವುದಕ್ಕಿಂತ ತೋರಿಸಿಯೇ ಬಿಡೋಣವೆಂದು ಅಕ್ಕಲಕೋಟೆಯ ಸೋಡಾ ಅಂಗಡಿಯಿಂದ ಒಂದು ದಪ್ಪ ಬರ್ಫದ ಗಡ್ಡೆಯನ್ನು ಕಟ್ಟಿಗೆ ಹೊಟ್ಟಿನಲ್ಲಿ ಹುದುಗಿಸಿ ಗೋಣಿಚೀಲದಲ್ಲಿ ತಂದೆ. ಬೇಸಿಗೆಯ ಬಿಸಿಲಲ್ಲಿ ಬಂಡಿಯ ದಾರಿ. ಮನೆ ಮುಟ್ಟಿದಾಗ ಚೀಲದಲ್ಲಿ ಒದ್ದೆ ಹೊಟ್ಟು ಮಾತ್ರ ಇತ್ತು. ಕಾಕು ಕೈ ಹಾಕಿ ನೋಡಿ, "ಇದಕ್ಕೇನೋ ನಿಮ್ಮ ಸಾಹೇಬ್ರು ಮೀಸಿ ತಿರುವೂದು?" ಎಂದಳು. ನಾನು ಸೋತ ಮುಖ ಮಾಡಿ ಚೀಲವನ್ನು ಮೂಲೆಯಲ್ಲಿ ಒಗೆದೆ. ಅದು ಬಿದ್ದದ್ದು ಅವಳ ಉಣ್ಣೆ ಕತ್ತರಿಯ ಮೇಲೆ.

ಮರುದಿನ ಮುಂಜಾನೆ ಅವಳ ಕೂಗಿಗೆ ಎದ್ದೆ. ಕತ್ತರಿಯ ಅಲಗಿನ ತುಂಬ ಕೆಂಪು ಚುಕ್ಕಿ. ನಮ್ಮ ಕಡೆ ಬೇಸಿಗೆಯಲ್ಲಿ ಕಬ್ಬಿಣ ಬಯಲಲ್ಲಿ ಬಿದ್ದಿದ್ದರೂ ತುಕ್ಕು ಹಿಡಿಯುವುದಿಲ್ಲ, ಹಿಡಿಯಲು ಗಾಳಿಯಲ್ಲಿ ನೀರೆಲ್ಲಿದೆ? ಬೈಗುಳಕ್ಕೆ ನಾನು ತಯಾರಾಗಿ ನಿಂತೆ. ಅವಳು ಬೈಯಲಿಲ್ಲ. ಕತ್ತರಿಯನ್ನು ತಿರುಗಿಸಿ ನೋಡಿದಳು. ಚೀಲ ತಾಗಿದ ಕಡೆ ಕೆಂಪು, ತಾಗದ ಕಡೆ ಬಿಳುಪು. ಉಗುರಿನಿಂದ ಕೆಂಪನ್ನು ಕೆರೆದಳು.

"ಇದಕ್ಕ ಜಂಗ ಹತ್ತಾಕ ಒಂದ ರಾತ್ರಿ ಸಾಕಾತು," ಎಂದಳು ಕೊನೆಗೆ. "ಆ ಗಾಡಿ ಚಳಿಗಾಲ ಪೂರಾ ನಿಂತಿತ್ತು ಅಂದ್ರಲ್ಲ? ಮಳಿಗಾಲದಾಗ ಕುರಿ ಹಸೀ ನೆಲದಾಗ ನಿಂತ್ರ ಏನಾಗತೈತಿ ಹೇಳು."

"ಗೊರಸು ಕೊಳೀತೈತಿ."

"ಮ್ಯಾಲ ಉಣ್ಣೆ ಹೆಂಗಿರತೈತಿ?"

"ಚಂದ ಇರತೈತಿ."

"ಕಾಲು ನೋಡೀರೇನು, ನೀವಿಬ್ರೂ?"

ನಾನು ಕಾಕಾನ ದನಿಯಲ್ಲಿ, "ಕೆಳಗ ಏನೈತ್ರಿ, ಮಣ್ಣು" ಎಂದೆ. ಅವಳಿಗೆ ನಗು ಬರಲಿಲ್ಲ. ಬೂದಿ ಹಾಕಿ ಕತ್ತರಿ ಉಜ್ಜತೊಡಗಿದಳು.

ಕಾಕಾ ಈ ಹೊತ್ತಿಗೆ ಅಕ್ಕಲಕೋಟೆಯ ಟಾಂಗಾದವರಿಗೆಲ್ಲ ಸುದ್ದಿ ಹಬ್ಬಿಸಿ ಬಂದಿದ್ದ. ಅವರು ನನ್ನನ್ನು ಕಂಡಾಗಲೆಲ್ಲ, "ಬರ್ರಿ ಕಂಡಕ್ಟರ್ ಸಾಹೇಬ್ರ, ನಿಮ್ಮ ಹಿಮದ ಕುದುರಿಗೆ ಹುಲ್ಲು ಎಟ್ಟ ಬೇಕ್ರಿ?" ಎನ್ನುತ್ತಿದ್ದರು. ಫಲಿತಾಂಶ ಬಂತು. ಗಣಿತ ನನ್ನ ನಿರೀಕ್ಷೆಯನ್ನು ಹುಸಿಗೊಳಿಸಲಿಲ್ಲ. ಕಾಕಾ ಸಂತೋಷಪಟ್ಟ, ಕಂಡಕ್ಟರ್ ಖಾಯಂ ಆದನಲ್ಲ ಎಂದು.

ಮಿರಗದ ಮಳೆ, ಮುಂಗಾರಿನ ಮೊದಲ ಮಳೆ, ಒಂದು ಸಂಜೆ ಬಂದು ಕಪ್ಪು ನೆಲವನ್ನೆಲ್ಲ ಅಂಟು ಮಾಡಿ ಹೋಯಿತು. ಆ ಭಾನುವಾರ ಸಾಹೇಬರು ಹೇಳಿದಂತೆಯೇ ಬಂದರು. ಹಳ್ಳದಲ್ಲಿ ನೀರು ಹರಿಯುತ್ತಿತ್ತು. ಜೀಪು ಎರಡೂ ಕಡೆ ನೀರು ಚಿಮ್ಮಿಸುತ್ತ ದಾಟಿತು, ಊರಿನ ಜನ ಹೋ ಎಂದು ಕೂಗಿದರು. ನಿಜ ಹೇಳಬೇಕೆಂದರೆ ಆ ಹೊತ್ತು ಅದು ಬಹಳ ಚಂದ ಕಂಡಿತು. ಹಟ್ಟಿಯ ಮುಂದೆ ಬಂದು ನಿಂತಾಗ ಹಣೆಯ ಮೇಲೆ ನನ್ನ ಭಂಡಾರದ ಬೆರಳಚ್ಚು ಇನ್ನೂ ಹಾಗೇ ಇತ್ತು. ಸಾಹೇಬರು ಅದನ್ನು ತೊಳೆಯಲು ಬಿಟ್ಟಿರಲಿಲ್ಲ.

ಕಾಕಾ ಏರಿ ಸ್ಟಿಯರಿಂಗ್ ಹಿಡಿದು ಕೂತ. ಸಾಹೇಬರು ಹಟ್ಟಿಯ ಬೇಲಿಯಾಚೆಯಿಂದ ಕುರಿಗಳನ್ನು ನೋಡುತ್ತ ನಿಂತರು. ನೋಡುವ ರೀತಿಯಲ್ಲೇ ಗೊತ್ತಾಗುತ್ತಿತ್ತು, ಕುರಿಯ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಎಲ್ಲದರ ಮುಖವನ್ನೇ ನೋಡುತ್ತಿದ್ದರು. ಚಹಾ ಬಂತು. ಕಾಕು ಚಹಾ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೀಪಿನ ಸುತ್ತ ಒಂದು ಸುತ್ತು ಬಂದಳು. ಮತ್ತೊಂದು ಸುತ್ತು ಬಂದು ಒಂದು ಕಡೆ ಕುಕ್ಕರಗಾಲಲ್ಲಿ ಕೂತಳು.

"ಮಾಳ್ಯಾ, ಇಲ್ಲಿ ಬಾ. ಹಳ್ಳ ದಾಟಿ ಬಂದು ಎಟ್ಟೊತ್ತಾತು? ಎಲ್ಲಾ ಕಡಿ ನೀರು ಸೋರಿ ಒಣಗೈತಿ. ಇಲ್ಲಿ ಯಾಕ ಇನ್ನೂ ಹನಿ ಬೀಳಾಕತ್ತೈತಿ?"

ನೋಡಿದೆ. ಡ್ರೈವರನ ಕಾಲಿನ ಕೆಳಗಿನ ಜಾಗದಿಂದ ಹನಿ ಬೀಳುತ್ತಿತ್ತು. ನೆಲದ ಮೇಲೆ ಅದು ಎಲೆ ಅಡಿಕೆ ಉಗುಳಿದಷ್ಟು ಕೆಂಪಾಗಿತ್ತು.

"ಕೆಳಗ ಹೋಗು," ಎಂದಳು, ಕತ್ತರಿಯನ್ನು ನನ್ನ ಕೈಗೆ ಕೊಟ್ಟು.

ಹೊಸ ಅಂಗಿ, ಚಾಳೀಸು ಸಮೇತ ಕೆಸರಲ್ಲಿ ಅಂಗಾತ ಮಲಗಿ ಒಳಗೆ ಸರಿದೆ. ಅಡಿಗೆಲ್ಲ ಡಾಂಬರು ಬಳಿದಿತ್ತು, ಕಣ್ಣಿಗೆ ಏನೂ ಕಾಣುವ ಹಾಗಿರಲಿಲ್ಲ. ಕಣ್ಣು ಹೋದರೆ ಹೋಗಲಿ ಎಂದು ಕತ್ತರಿಯ ಹಿಡಿಕೆಯಿಂದ ಬಡಿಯುತ್ತ ಹೋದೆ. ಇಷ್ಟು ವರ್ಷ ಜನರನ್ನು ಗೋಳು ಹೊಯ್ದುಕೊಂಡ ಕಿವಿ ಕೆಲಸಕ್ಕೆ ಬಂದದ್ದು ಅವತ್ತೇ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಮುಂದಿನ ಗಾಲಿಯ ಹತ್ತಿರ ಠಣ್. ಇನ್ನಷ್ಟು ಹಿಂದೆ ಠಣ್. ಕಾಕಾ ಕೂತಲ್ಲಿ, ತಳಕ್ಕೆ ಅಡ್ಡಲಾಗಿ ಆಧಾರ ಕೊಟ್ಟ ತಗಡಿನ ಪಟ್ಟಿಯ ಮೇಲೆ, ಧಪ್. ಒಣಗಿದ ಕುಂಬಳಕಾಯಿಯ ಸದ್ದು. ಹಿಂದಿನ ತೊಲೆಗೂ ಬಡಿದೆ, ಧಪ್.

ಹೊರಗೆ ಜನಕ್ಕೆ ಕೇಳಲೆಂದು ಎಲ್ಲವನ್ನೂ ಬಾಯಲ್ಲಿ ಕೂಗಿ ಹೇಳುತ್ತಿದ್ದೆ. "ಧಪ್ ಅಂದಲ್ಲಿ ಚುಚ್ಚು" ಎಂದಳು ಕಾಕು.

ಚುಚ್ಚಿದೆ. ಡಾಂಬರಿನ ಹೊಪ್ಪಳಿಕೆ ಮುಖದ ಮೇಲೆ ಬಿತ್ತು. ಚಾಳೀಸು ಜೀವನದಲ್ಲಿ ಒಮ್ಮೆ ಉಪಯೋಗಕ್ಕೆ ಬಂತು. ಪಟ್ಟಿಯ ಒಳಗೆ ಒಂದು ಕಟ್ಟಿಗೆಯ ರೀಪು ಕೂರಿಸಿದ್ದರು, ಗಟ್ಟಿ ಇರಲೆಂದು. ಅದು ನೀರು ಕುಡಿದು ಕೊಳೆತು, ನನ್ನ ಗೋಣಿಚೀಲದ ಹೊಟ್ಟಿನ ಹಾಗೇ ಆಗಿತ್ತು. ಎಷ್ಟು ಚಳಿಗಾಲದ ಬರ್ಫ ಕರಗಿ ಅದರಲ್ಲಿ ಕೂತಿತ್ತೋ, ಸುತ್ತಲಿನ ತಗಡನ್ನು ಒಳಗಿನಿಂದ ತಿಂದು ಹಾಕಿತ್ತು. ಇನ್ನೊಂದಿಷ್ಟು ಒತ್ತಿದೆ. ಕತ್ತರಿ ಸರಾಗವಾಗಿ ಒಳಗೆ ಹೋಯಿತು.

ಮೇಲೆ ಕಾಕಾ ಕಿರುಚಿದ. ಕತ್ತರಿಯ ಮೊನೆ ಅವನ ಎರಡು ಪಾದಗಳ ನಡುವೆ ಎದ್ದಿತ್ತು.

ಸುಭೇದಾರ್ ಸಾಹೇಬರು ಓಡಿಬಂದು ಮಂಡಿಯೂರಿದರು. ಕೊಳೆತ ಕಟ್ಟಿಗೆಯ ಚೂರನ್ನು ಕೈಗೆ ತೆಗೆದುಕೊಂಡು ಮೂಸಿದರು. "ನಾ ಬಣ್ಣ ಹಚ್ಚಿದೆ. ಡಾಂಬರು ಲಿಲಾವಿಗೆ ಬಂದಾಗ ಇತ್ತು. ಒಳಗ ಹಿಂಗೈತಿ ಅಂತ ನನಗ ಗೊತ್ತಿರಲಿಲ್ಲ, ಬೀರೋಬನ ಆಣಿ" ಎಂದರು. ನಾನು ಅದನ್ನು ನಂಬಿದೆ. ಸುಳ್ಳಾಡುವ ದನಿ ಹೇಗಿರುತ್ತದೆಂದು ನನಗೆ ಗೊತ್ತು, ಅದು ನನ್ನ ಕಸುಬು. ಆ ದನಿಯಲ್ಲಿ ಅಣಕಿಸುವುದಕ್ಕೆ ಏನೂ ಸಿಗಲಿಲ್ಲ.

ಆದರೆ ಅವರು ಎದ್ದು ನಿಂತು, ಕೈ ಒರೆಸಿಕೊಂಡು ಹೇಳಿದ್ದು ಇಷ್ಟು: "ಸಿದ್ದಪ್ಪ, ಏನ ಮಾಡೂದ್ರಿ? ಭಂಡಾರ ಬಿದ್ದೈತಿ. ನಾ ಹಿಂದಕ ತಗೋಳಾಕ ಬರೂದಿಲ್ಲ, ನೀವು ಬ್ಯಾಡ ಅನ್ನಾಕ ಬರೂದಿಲ್ಲ. ದೇವರಿಗೆ ಮೋಸ ಮಾಡಿದ ಮನಿ ಉಳಿಯೂದಿಲ್ಲ."

ಸುತ್ತ ನಿಂತ ಹಿರಿಯರು ಹೌದು ಹೌದು ಎಂದರು. ಕಾಕಾ ಜೀಪಿನಿಂದ ಇಳಿದ. ಅವನ ಮುಖದಲ್ಲಿ ಡ್ರೈವರ್ ಉಳಿದಿರಲಿಲ್ಲ. ಕಾಕುವಿನ ಕಡೆ ನೋಡದೆ ಹಟ್ಟಿಯ ತನಕ ನಡೆದು, ಬೇಲಿಯ ಮುಳ್ಳಿನ ಬಾಗಿಲಿಗೆ ಕೈ ಹಾಕಿದ. ಒಳಗೆ ಕುರಿಗಳು ಮೇಯಲು ಬಿಡುತ್ತಾರೆಂದು ತಿಳಿದು ಎದ್ದು ನಿಂತವು. ಜೀಪಿನ ಅಡಿಯಲ್ಲಿ ಮಲಗಿದ್ದ ನನಗೆ ಅವುಗಳ ಕಾಲು ಮಾತ್ರ ಕಾಣುತ್ತಿದ್ದವು. ಎಲ್ಲ ಗೊರಸೂ ನೆಟ್ಟಗಿದ್ದವು.

"ತಡೀರಿ," ಎಂದಳು ಕಾಕು. ಗಂಡನಿಗಲ್ಲ, ಸಾಹೇಬರಿಗೆ. "ಹೆಣ್ಣಮಗಳು ಒಂದು ಮಾತು ಕೇಳತೀನ್ರಿ. ಭಂಡಾರ ಯಾರು ಹಚ್ಚೂದ್ರಿ? ಕೊಡಾಂವೋ, ತಗೊಳ್ಳಾಂವೋ?"

"ತಗೊಳ್ಳಾಂವ," ಎಂದರು ಸಾಹೇಬರು. ಹಿರಿಯರೂ ಅದನ್ನೇ ಹೇಳಿದರು. ಅದರಲ್ಲಿ ಎರಡು ಮಾತಿರಲಿಲ್ಲ.

"ಹಚ್ಚಿದ್ದು ಯಾರು? ನಮ್ಮ ಮನಿಯವರೇನು?"

ಸಾಹೇಬರು ಬಾನೆಟ್ಟಿನ ಮೇಲಿನ ಬೆರಳಚ್ಚನ್ನು ನೋಡಿದರು. ಆಮೇಲೆ ಬಗ್ಗಿ ಜೀಪಿನ ಕೆಳಗೆ ನನ್ನನ್ನು ನೋಡಿದರು. ಊರೂ ಬಗ್ಗಿ ನೋಡಿತು. ನಾನು ಹೊರಗೆ ಬರುವುದೋ ಇನ್ನಷ್ಟು ಒಳಗೆ ಸರಿಯುವುದೋ ತಿಳಿಯದೆ ಕೈ ಮುಗಿದೆ.

ಕಾಕು ನನ್ನ ಕಾಲು ಹಿಡಿದು ಹೊರಗೆ ಎಳೆದಳು. ಮೂಗಿನ ಮೇಲಿನ ಚಾಳೀಸನ್ನು ತೆಗೆದು, ಸೆರಗಿನಲ್ಲಿ ಕೆಸರು ಒರೆಸಿ, ಸಾಹೇಬರ ಮುಂದೆ ಹಿಡಿದಳು.

"ಭಂಡಾರ ಹಚ್ಚಿದಾಂವ ಇಂವ, ಗಾಡಿ ತಗೊಂಡಾಂವನೂ ಇಂವ. ದೇವರ ಮಾತು ಮುರಿಯೂದು ಬ್ಯಾಡ್ರಿ. ಇವನ ಹೆಸರಿನ್ಯಾಗ ಎಟ್ಟ ಕುರಿ ಅದಾವೋ ಅಟ್ಟೂ ಹೊಡಕೊಂಡು ಹೋಗ್ರಿ, ಎಲ್ಲಾ ಮಾರಿದ ಮ್ಯಾಲ ಇದೊಂದ ಉಳದೈತಿ."